ಕಳೆದದ್ದು ಸಿಕ್ಕಿದರೆ ಒಂದು ಚಕ್ಕುಲಿ

ಪಕ್ಕದ ಮನೆಯ ವಾಸಂತಿ ಬಾಯಿ ಚಕ್ಕುಲಿ ಕರಿಯಲು ಕೂತರೆಂದರೆ ಅದರ ಪರಿಮಳ ಪಾಗಾರ ಹಾರಿ, ನಮ್ಮ ಬಾವಿಕಟ್ಟೆ ದಾಟಿ, ಅಡುಗೆಮನೆಯ ಕಿಟಕಿಯಿಂದ ಸೀದಾ ಒಳಗೆ ಬರುತ್ತದೆ. ಅಷ್ಟಮಿ ಹತ್ತಿರ ಬಂತಲ್ಲ, ಇವತ್ತು ಬೆಳಿಗ್ಗೆಯೂ ಬಂತು. ಬೇರೆ ಮನೆಗಳಲ್ಲಾದರೆ ಇಂಥ ಪರಿಮಳಕ್ಕೆ ಬಾಯಲ್ಲಿ ನೀರೂರುತ್ತದೆ. ನಮ್ಮ ಮನೆಯಲ್ಲಿ ಎಲ್ಲರ ಕೈ ಮೊದಲು ಮೂಗಿನ ಮೇಲಕ್ಕೆ ಹೋಗಿ, ಕನ್ನಡಕ ಉಂಟೋ ಎಂದು ಮುಟ್ಟಿ ನೋಡಿಕೊಳ್ಳುತ್ತದೆ. ಆಮೇಲೆ ಬೀಗದ ಕೈ, ಮೊಬೈಲು, ವಾಚು. ಎಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲಷ್ಟೇ ನಾವು ಬಾಯಿಗೆ ನೀರೂರಲು ಅಪ್ಪಣೆ ಕೊಡುವುದು.

ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ಕೇಳಿ. ಇವತ್ತು ಭಾನುವಾರ, ಹೇಳಲು ನನಗೂ ಪುರುಸೊತ್ತು ಉಂಟು.

ಎಂಟೊಂಬತ್ತು ವರ್ಷದ ಹಿಂದೆ ನಾವು ಬಿ.ಸಿ. ರೋಡಿನಲ್ಲಿ ಒಂದು ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಮಗಳು ಅನ್ವಿ ಎರಡನೇ ಕ್ಲಾಸು, ಮಗ ರಿತ್ತು ಯುಕೆಜಿ. ಇಬ್ಬರೂ ನಡೆಯುವುದನ್ನು ಕಲಿಯದೆ ನೇರವಾಗಿ ಓಡುವುದನ್ನು ಕಲಿತವರು. ಇವರು ಮೇಲೆ ಓಡಿದರೆ ಕೆಳಗಿನ ಅಂಗಡಿಯವರು ಕೋಲಿನಿಂದ ಸ್ಲ್ಯಾಬಿಗೆ ಕುಟ್ಟುತ್ತಿದ್ದರು. ಕುಟ್ಟಿದ ಶಬ್ದ ಕೇಳಿದರೆ ಅದು ಯಾವುದೋ ಆಟವೆಂದು ತಿಳಿದು ನನ್ನ ಮಕ್ಕಳು ಮೇಲಿನಿಂದ ಉತ್ತರ ಕುಟ್ಟುತ್ತಿದ್ದರು. ಈ ಸಂಭಾಷಣೆ ಹೆಚ್ಚು ಕಾಲ ನಡೆಯುವಂಥದ್ದಲ್ಲ ಎಂದು ನನಗೂ ಗಂಡನಿಗೂ ಅರ್ಥವಾಗಿತ್ತು. ಮಕ್ಕಳು ಎಷ್ಟು ಓಡಿದರೂ ಕೆಳಗೆ ಭೂಮಿತಾಯಿ ಮಾತ್ರ ಇರುವಂಥ ಮನೆ ಹುಡುಕತೊಡಗಿದೆವು.

ಸಿಕ್ಕಿದ್ದು ಪಾಣೆಮಂಗಳೂರು ಪೇಟೆಯ ಈ ಮನೆ. ಒಂದು ಕಾಲದಲ್ಲಿ ಅಕ್ಕಿ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು. ಹಂಚಿನ ಮಾಡು, ತಲೆಯ ಮೇಲೆ ಮರದ ಮುಚ್ಚಿಗೆ, ಗೋಡೆಯೊಳಗೆ ಅಲ್ಲಲ್ಲಿ ದೀಪ ಇಡುವ ಗೂಡುಗಳು, ಒಂದರೊಳಗೊಂದು ಅಡಗಿ ಕೂತಂತಿರುವ ಕೋಣೆಗಳು. ಬಾಗಿಲುಗಳು ಮಾತ್ರ ಗಿಡ್ಡ. ಕಟ್ಟಿಸಿದವರು ಗಿಡ್ಡವಾಗಿದ್ದರೋ, ಬಂದವರೆಲ್ಲ ತಗ್ಗಿ ಬರಲಿ ಎಂದು ಹಾಗೆ ಮಾಡಿಸಿದರೋ ಗೊತ್ತಿಲ್ಲ. ನನ್ನ ಗಂಡ ಉದ್ದದ ಜನ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಗುರುತ್ವಾಕರ್ಷಣೆಯಿಂದ ಹಿಡಿದು ಗ್ರಹಣದವರೆಗೆ ಎಲ್ಲ ಗೊತ್ತಿದ್ದವರಿಗೆ ಬಾಗಿಲ ದಾರಂದ ಒಂದು ಗೊತ್ತಾಗಲಿಲ್ಲ. ಮೊದಲ ತಿಂಗಳು ಪೂರ್ತಿ ಅವರು ಹಣೆಯಲ್ಲಿ ಒಂದು ಸಣ್ಣ ನೆಲ್ಲಿಕಾಯಿ ಇಟ್ಟುಕೊಂಡೇ ಪಾಠ ಮಾಡಿದರು. ಕೊನೆಗೆ ಅಡುಗೆಮನೆಯ ದಾರಂದಕ್ಕೆ ಒಂದು ಕೆಂಪು ಬೈರಾಸು ಕಟ್ಟಿದೆವು. ಅದರಲ್ಲಿ ಅವರು ಕೈ ಒರೆಸಿಕೊಂಡು, ತಲೆ ಎತ್ತಿ, ಪುನಃ ಬಡಿಸಿಕೊಂಡರು.

ಒಳಕೋಣೆಯಲ್ಲಿ ಒಂದು ಕಲೆಂಬಿ ಇತ್ತು. ಹೊರಗಿನವರಿಗೆ ಹೇಳುವುದಾದರೆ ಅಕ್ಕಿ ತುಂಬಿಸಿಡುವ ಮರದ ಪೆಟ್ಟಿಗೆ. ಇದು ಪೆಟ್ಟಿಗೆ ಎಂದರೆ ಪೆಟ್ಟಿಗೆಗೇ ಅವಮಾನ, ಅಷ್ಟು ದೊಡ್ಡದು. ಮನೆ ಮಾರಿದವರು ಹೋಗುವಾಗ ಅದನ್ನು ಕೊಂಡುಹೋಗಲು ನೋಡಿ, ಯಾವ ಬಾಗಿಲಲ್ಲೂ ಹಿಡಿಸದೆ, ನಮಗೇ ಬಿಟ್ಟುಹೋದರು.

"ಮೊದಲು ಕಲೆಂಬಿ ಮಾಡಿ, ಮತ್ತೆ ಅದರ ಸುತ್ತ ಮನೆ ಕಟ್ಟಿದ್ದಾಗಿರಬೇಕು," ಎಂದರು ಮಾಮಿ.

ಮಾಮಿ ಎಂದರೆ ನನ್ನ ಅತ್ತೆ. ನಮ್ಮ ತುಳುವಿನಲ್ಲಿ ಗಂಡನ ತಾಯಿಯನ್ನು ಕರೆಯುವುದೇ ಹಾಗೆ. ನಾವು ಈ ಮನೆಗೆ ಬಂದಾಗ ಅವರೂ ಶಿರ್ತಾಡಿಯಲ್ಲಿರುವ ಮಗಳ ಮನೆಯಿಂದ ನಮ್ಮಲ್ಲಿಗೆ ಬಂದರು. ನಾನು ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುವವಳು. ಮಧ್ಯಾಹ್ನ ರಿತ್ತುವನ್ನು ಶಾಲೆಯ ವ್ಯಾನಿನಿಂದ ಇಳಿಸಿಕೊಳ್ಳಲು, ಸಂಜೆ ಇಬ್ಬರಿಗೂ ತಿಂಡಿ ಕೊಡಲು ಒಬ್ಬರು ಬೇಕಿತ್ತು. ಮಾಮಿ ಅದಕ್ಕೆಂದು ಬಂದವರು ಸ್ವಲ್ಪ ದಿನದಲ್ಲಿ ಮನೆಯ ಯಜಮಾನ್ತಿಯೂ, ಮಕ್ಕಳ ವಕೀಲರೂ, ಪೇಟೆಯ ಅರ್ಧ ಜನರ ಗೆಳತಿಯೂ ಆದರು. ಬೆಳಿಗ್ಗೆ ನಾನು ಹೊರಡುವಾಗ ಮೆಟ್ಟಿಲಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ನೀನು ಹೋಗು ಮಾರಾಯ್ತಿ, ಇಲ್ಲಿ ನಾನಿದ್ದೇನೆ," ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಮ್ಮ ಸಂಸಾರ ನಿಂತಿತ್ತು.

ಈಗ ಚಕ್ಕುಲಿಗೆ ಬರುತ್ತೇನೆ. ರಿತ್ತುವಿಗೆ ಗಂಟಲಿನ ತೊಂದರೆ. ಕರಿದದ್ದು ತಿಂದರೆ ಕೆಮ್ಮು, ಕೆಮ್ಮಿದರೆ ಜ್ವರ. ಹಾಗಾಗಿ ಎಣ್ಣೆತಿಂಡಿ ಮನೆಯೊಳಗೆ ಬರಕೂಡದೆಂದು ನಾನು ಕಾನೂನು ಮಾಡಿದ್ದೆ. ನಮ್ಮ ಗ್ರಹಚಾರ ನೋಡಿ, ಪಕ್ಕದ ಮನೆಯ ವಾಸಂತಿ ಬಾಯಿಗೆ ಮನೆಯಲ್ಲೇ ಚಕ್ಕುಲಿ ಮಾಡಿ ಅಂಗಡಿಗಳಿಗೆ ಕೊಡುವ ಕೆಲಸ. ದಿನಾ ಪರಿಮಳ ಬರುತ್ತದೆ, ಚಕ್ಕುಲಿ ಬರುವುದಿಲ್ಲ. ಮಕ್ಕಳು ಪಾಗಾರದ ಹತ್ತಿರ ನಿಂತು ಮೂಗಿನಿಂದಲೇ ಎರಡು ಹೊತ್ತು ಉಣ್ಣುತ್ತಿದ್ದರು.

ಹೀಗಿರುವಾಗ ಒಂದು ದಿನ ನನ್ನ ಗಂಡನ ಸ್ಕೂಟರಿನ ಕೀ ಕಾಣೆಯಾಯಿತು. ಶಾಲೆಗೆ ತಡವಾಗುತ್ತದೆಂದು ಇವರು ಹಾರಾಡಿದರು, ಹಾರಾಡುವಾಗ ದಾರಂದಕ್ಕೆ ಎರಡು ಸಲ ತಲೆ ಬಡಿಸಿಕೊಂಡರು. ಮಾಮಿ ಮಾತ್ರ ಶಾಂತವಾಗಿ ಕೈ ಮುಗಿದು, "ಸ್ವಾಮಿ ಕೊರಗಜ್ಜ, ಕೀ ಸಿಕ್ಕಿದರೆ ನಿಮಗೆ ವೀಳ್ಯ ಚಕ್ಕುಲಿ ಇಡ್ತೇವೆ," ಎಂದರು. ನಮ್ಮ ಕಡೆ ಏನಾದರೂ ಕಳೆದರೆ ಮೊದಲು ನೆನಪಾಗುವುದು ಅಜ್ಜನದ್ದೇ. ಕಳೆದದ್ದನ್ನು ತೋರಿಸಿಕೊಡುವ ದೈವ ಅದು. ಕೇಳುವುದೂ ಬಹಳ ಕಡಿಮೆ, ಎಲೆ ಅಡಿಕೆ ಮತ್ತು ಚಕ್ಕುಲಿ. ಕೀ ಇವರದೇ ಕೊಡೆಯೊಳಗೆ ಸಿಕ್ಕಿತು. ಸಂಜೆ ಮಾಮಿ ಅಜ್ಜನ ಕಟ್ಟೆಗೆ ಹೋಗಿ ಹರಕೆ ಒಪ್ಪಿಸಿ ಬಂದರು. ಪ್ರಸಾದದ ಚಕ್ಕುಲಿ ಮನೆಗೆ ಬಂತು. ಕಾನೂನು ಮಾಡಿದವಳು ನಾನೇ ಆದರೂ ಪ್ರಸಾದಕ್ಕೆ ಅಡ್ಡ ಹೇಳುವಷ್ಟು ಎದೆ ನನಗಿಲ್ಲ. ಮಕ್ಕಳು ಕಣ್ಣು ಮುಚ್ಚಿ ತಿಂದರು.

ತಿಂದಾದ ಮೇಲೆ ಅನ್ವಿ ಬೆರಳು ನೆಕ್ಕುತ್ತ ಕೇಳಿದಳು, "ಅಜ್ಜಿ, ಏನಾದ್ರೂ ಕಳೆದ್ರೆ ಮಾತ್ರವಾ ಇದು?"

"ಕಳೆದು, ಮತ್ತೆ ಸಿಕ್ಕಿದ್ರೆ, ಮಗಾ," ಎಂದರು ಮಾಮಿ.

"ಯಾವ ವಸ್ತು ಆದ್ರೂ ಆಗ್ತದಾ?"

"ಅಜ್ಜನಿಗೆ ಸಣ್ಣದು ದೊಡ್ಡದು ಎಂದು ಭೇದ ಇಲ್ಲ."

ಮಗಳಿಗೆ ದೈವಭಕ್ತಿ ಬಂತೆಂದು ನಾನು ಒಳಗಿಂದೊಳಗೇ ಹಿಗ್ಗಿದೆ. ನನ್ನಂಥ ಜಾಣೆ ತಾಯಿ ಇನ್ನೊಬ್ಬಳಿರಲಿಕ್ಕಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ವಸ್ತುಗಳು ಕಾಣೆಯಾಗಲು ಶುರುವಾದವು. ಮಾಮಿಯ ಕನ್ನಡಕ, ಮಾಮಿಯ ಸುಣ್ಣದ ಡಬ್ಬಿ, ಇವರ ಕೆಂಪು ಪೆನ್ನು, ಮಾಮಿಯ ಬಾಚಣಿಗೆ, ಮಾಮಿಯ ಇನ್ನೊಂದು ಕನ್ನಡಕ. ಹುಡುಕುತ್ತೇವೆ, ಸಿಗುವುದಿಲ್ಲ. ಮಾಮಿ ಕೈ ಮುಗಿದು ಹರಕೆ ಹೇಳುತ್ತಾರೆ. ಒಂದು ಗಳಿಗೆ ಬಿಟ್ಟು ನೋಡಿದರೆ ವಸ್ತು ಗೋಡೆಯ ಗೂಡಿನಲ್ಲಿ ನಮ್ಮನ್ನೇ ನೋಡುತ್ತ ಕೂತಿರುತ್ತದೆ.

"ಇಲ್ಲಿ ನಾನೇ ಕೈ ಹಾಕಿ ನೋಡಿದ್ದೆ ಮಾರಾಯ್ತಿ!" ಎನ್ನುತ್ತಿದ್ದರು ಮಾಮಿ.

"ಸರಿಯಾಗಿ ನೋಡಿರ್ಲಿಕ್ಕಿಲ್ಲ ಮಾಮಿ," ಎನ್ನುತ್ತಿದ್ದೆ ನಾನು. ಅಷ್ಟಕ್ಕೇ ನಿಲ್ಲಿಸದೆ, ಒಂದು ವಸ್ತುವಿಗೆ ಒಂದು ಜಾಗ ಎಂದು ಇದ್ದರೆ ಹೀಗಾಗುವುದಿಲ್ಲ, ನನ್ನ ವಸ್ತು ಯಾವತ್ತಾದರೂ ಕಳೆದದ್ದುಂಟಾ ಎಂದು ಭಾಷಣವನ್ನೂ ಮಾಡುತ್ತಿದ್ದೆ. ಅದು ನಿಜವೇ ಆಗಿತ್ತು. ನನ್ನದು ಒಂದು ಸೇಫ್ಟಿ ಪಿನ್ನು ಕೂಡ ಕಳೆಯುತ್ತಿರಲಿಲ್ಲ. ಅದು ನನ್ನ ಶಿಸ್ತಿಗೆ ಸಿಕ್ಕ ಫಲವೆಂದು ನಂಬಿದ್ದೆ.

ಮೊದಮೊದಲು ಎಲ್ಲರೂ ದೂರಿದ್ದು ಮನೆಯನ್ನು. ಹಳೆ ಮನೆಯಲ್ಲವೇ, ಏನನ್ನು ಬೇಕಾದರೂ ಅದರ ತಲೆಗೆ ಕಟ್ಟಬಹುದು. ವಾಸಂತಿ ಬಾಯಿ ಪಾಗಾರದ ಆಚೆಯಿಂದ ಸ್ವರ ತಗ್ಗಿಸಿ, "ಆ ಮನೆಯಲ್ಲಿ ಏನೋ ಉಂಟಮ್ಮಾ, ನಾನು ಹೇಳ್ಳಿಲ್ಲ ಅಂತ ಮಾಡಿ," ಎಂದರು. ಹೇಳುವಾಗ ಅವರ ಕೈ ಚಕ್ಕುಲಿ ಕಟ್ಟುತ್ತಿತ್ತು, ನಮಗೇ. ನನ್ನ ಗಂಡ ಇಲಿಗಳೆಂದು ತೀರ್ಮಾನಿಸಿದರು. ಇಲಿಗೆ ಕನ್ನಡಕ ಯಾಕೆ ಎಂದು ಕೇಳಿದ್ದಕ್ಕೆ, "ಹೊಳೆಯುವ ವಸ್ತುಗಳ ಆಕರ್ಷಣೆ," ಎಂದು ವಿಜ್ಞಾನ ಹೇಳಿದರು. ಬೋನು ತಂದು ಒಳಕೋಣೆಯಲ್ಲಿ ಇಟ್ಟರು. ಬೋನಿಗೆ ಬಿದ್ದದ್ದು ಅವರದೇ ಹೆಬ್ಬೆರಳು. ಮರುವಾರ ಅವರ ವಾಚು ಕಾಣೆಯಾದಾಗ ಸ್ನಾನದ ಕೋಣೆಯಿಂದ "ಅಜ್ಜ, ಒಂದು ಚಕ್ಕುಲಿ, ಒಂದು" ಎಂದು ಮೆಲ್ಲಗೆ ಕೇಳಿಸಿತು. ನಾನು ಕೇಳಿಸಿಕೊಳ್ಳದವಳಂತೆ ಇದ್ದೆ. ಮಕ್ಕಳು ಹಾಗಿರಲಿಲ್ಲ.

ಇಷ್ಟು ದಿನ ಇದೆಲ್ಲ ತಮಾಷೆಯೇ. ತಮಾಷೆ ಎಲ್ಲಿ ಮುಗಿಯಿತು ಎಂದರೆ, ಮಾಮಿ ನಗುವುದನ್ನು ಬಿಟ್ಟಾಗ.

ಒಂದು ಸಂಜೆ ನಾನು ಕೆಲಸದಿಂದ ಬಂದರೆ ಅವರು ಚಾವಡಿಯಲ್ಲಿ ಸುಮ್ಮನೆ ಕೂತಿದ್ದರು. ಎಲೆಪೆಟ್ಟಿಗೆ ಎದುರಿಗಿದ್ದರೂ ಮುಟ್ಟಿರಲಿಲ್ಲ. "ನನ್ನ ತಲೆಗೆ ಏನೋ ಆಗ್ತಾ ಉಂಟು ಮಗಾ," ಎಂದರು. "ಗೂಡಿನಲ್ಲಿ ನೋಡಿದ್ದೇನೆ, ಕನ್ನಡಕ ಇರಲಿಲ್ಲ. ಆಣೆ ಮಾಡಿ ಹೇಳ್ತೇನೆ. ಮತ್ತೆ ನೋಡಿದ್ರೆ ಉಂಟು. ನನ್ನ ಅಮ್ಮನಿಗೂ ಕೊನೆಗೆ ಹೀಗೇ ಆದದ್ದು. ಕಡೆಗೆ ನನ್ನನ್ನೇ ಯಾರು ಎಂದು ಕೇಳಿದ್ರು."

ನಾನು ಸಮಾಧಾನ ಹೇಳಿದೆ. ಆದರೆ ನನ್ನೊಳಗೂ ಅದೇ ಹೆದರಿಕೆ ಬಂದು ಕೂತಿತ್ತು. ಮರುದಿನ ಬಂಟ್ವಾಳದಲ್ಲಿ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಎಳೆ ಪ್ರಾಯದ ಡಾಕ್ಟರು, ಬಹಳ ಮೆತ್ತಗಿನ ಮಾತು.

"ಅಮ್ಮ, ಇವತ್ತು ಯಾವ ವಾರ?"

"ನಿಮಗೆ ಗೊತ್ತಿಲ್ವಾ?" ಮಾಮಿ ಗಾಬರಿಯಿಂದ ನನ್ನ ಮುಖ ನೋಡಿದರು. ಮತ್ತೆ ಡಾಕ್ಟರರನ್ನು ನೋಡಿ ಪಾಪ ಎನಿಸಿರಬೇಕು, ವಿವರಿಸಿದರು. "ಗುರುವಾರ. ಬುಧವಾರ ರಜೆ ಅಂತ ನಿಮ್ಮದೇ ಬೋರ್ಡಿನಲ್ಲಿ ಉಂಟು. ನಾಳೆ ಸಂಕ್ರಮಣ."

"ಸರಿ. ಈಗ ನಾನು ಮೂರು ವಸ್ತು ಹೇಳ್ತೇನೆ, ನೆನಪಿಟ್ಟುಕೊಳ್ಳಿ. ಸೇಬು, ಮೇಜು, ಕೊಡೆ. ಸ್ವಲ್ಪ ಹೊತ್ತು ಬಿಟ್ಟು ಕೇಳ್ತೇನೆ."

ಆಮೇಲೆ ಅವರು ಬಿ.ಪಿ. ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು, ಮಕ್ಕಳೆಷ್ಟು, ಊರು ಯಾವುದು, ನಿದ್ರೆ ಹೇಗೆ ಎಂದು ವಿಚಾರಿಸಿದರು. ಪ್ರಾಯಕ್ಕೆ ತಕ್ಕಂತೆ ಎಲ್ಲ ಸರಿಯಿದೆ, ಗಮನ ಇರಲಿ ಎಂದು ಹೇಳಿ ಚೀಟಿ ಬರೆದರು. ನಾವು ಎದ್ದು ಹೊರಟೆವು. ಬಾಗಿಲವರೆಗೆ ಹೋದ ಮಾಮಿ ಹಿಂದಿರುಗಿ ಹೇಳಿದರು, "ಸೇಬು, ಮೇಜು, ಕೊಡೆ. ನೀವು ಕೇಳ್ಲಿಕ್ಕೆ ಮರೆತ್ರಿ ಡಾಕ್ಟ್ರೇ."

ರಿಕ್ಷಾದಲ್ಲಿ ನಾನೂ ಇವರೂ ನಗುತ್ತಲೇ ಬಂದೆವು. ಮಾಮಿ ನಗಲಿಲ್ಲ. ಸೇತುವೆ ದಾಟುವಾಗ ನೇತ್ರಾವತಿಯ ಕಡೆ ನೋಡಿಕೊಂಡು, "ಡಾಕ್ಟ್ರಿಗೆ ನಮ್ಮ ಗೂಡಿನ ವಿಷಯ ಗೊತ್ತಿಲ್ಲ ಪಾಪ," ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ತೀರ್ಪು ಬಂತು. ಬರುವ ಶನಿವಾರ ಶಿರ್ತಾಡಿಗೆ, ಮಗಳ ಮನೆಗೆ ವಾಪಸು ಹೋಗುವುದು. ಇನ್ನು ಬರುವುದಿಲ್ಲ.

"ಯಾಕಮ್ಮಾ?" ಇವರು ಅನ್ನ ಬಿಟ್ಟು ಕೇಳಿದರು.

"ಇವತ್ತು ಕನ್ನಡಕ ಇಟ್ಟು ಮರೆತೆ. ನಾಳೆ ಮಗುವನ್ನು ಎಲ್ಲಾದರೂ ಇಟ್ಟು ಮರೆತರೆ? ವ್ಯಾನಿನಿಂದ ಇಳಿಸ್ಲಿಕ್ಕೆ ಹೋಗದೆ ಇಲ್ಲೇ ಕೂತರೆ? ಹೊಳೆ ಹತ್ತಿರ ಉಂಟು, ರಸ್ತೆ ಹತ್ತಿರ ಉಂಟು. ಬೇಡ ಮಗಾ. ಅಲ್ಲಿ ಇರುವವರೆಲ್ಲ ದೊಡ್ಡವರು. ದೊಡ್ಡವರನ್ನು ಮರೆತರೆ ತೊಂದರೆ ಇಲ್ಲ, ಅವರೇ ಮನೆಗೆ ಬರ್ತಾರೆ."

ಕೊನೆಯ ಮಾತಿಗೆ ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ. ಅನ್ವಿ ತಟ್ಟೆಯಲ್ಲಿ ಬೆರಳಿನಿಂದ ಗೀಟು ಎಳೆಯುತ್ತಿದ್ದಳು. ರಿತ್ತು ಅಕ್ಕನ ಮುಖವನ್ನೇ ನೋಡುತ್ತಿದ್ದ. ಅಜ್ಜಿ ಹೋಗುತ್ತಾರೆಂಬ ದುಃಖ, ಪಾಪ, ಎಂದುಕೊಂಡೆ. ನಾನಿನ್ನು ಕೆಲಸ ಬಿಡಬೇಕೇ, ಮಕ್ಕಳನ್ನು ಯಾರ ಕೈಯಲ್ಲಿ ಬಿಡಲಿ ಎಂಬ ಯೋಚನೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡದು, "ಇಲ್ಲಿ ನಾನಿದ್ದೇನೆ" ಎನ್ನುವವರೇ ತಮ್ಮನ್ನು ತಾವು ನಂಬದೆ ಹೋದದ್ದು.

ಶನಿವಾರ ಬೆಳಿಗ್ಗೆ ಮಾಮಿ ಮಿಂದು, ಒಳ್ಳೆಯ ಸೀರೆ ಉಟ್ಟು ತಯಾರಾದರು. ಮೂಡಬಿದಿರೆಯ ಬಸ್ಸು ಹಿಡಿಯಲು ಬಿ.ಸಿ. ರೋಡಿಗೆ ಹೋಗಬೇಕು, ರಿಕ್ಷಾ ಅಂಗಳದಲ್ಲಿ ನಿಂತಿತ್ತು. ಹಿಂದಿನ ಸಂಜೆಯೇ ಬಟ್ಟೆ ತುಂಬಿಸಿ ಮಂಚದ ಕೆಳಗಿಟ್ಟಿದ್ದ ಬ್ಯಾಗು ತೆಗೆಯಲು ಬಗ್ಗಿದರು. ಬ್ಯಾಗು ಇರಲಿಲ್ಲ.

ಸಣ್ಣ ಡಬ್ಬಿಯಲ್ಲ, ಬಾಚಣಿಗೆಯಲ್ಲ. ಹಳದಿ ಬಣ್ಣದ, ಎರಡು ಕೈ ಇರುವ, ಮಗು ಕೂತರೆ ಹಿಡಿಸುವಂಥ ಬ್ಯಾಗು. ಮಂಚದ ಕೆಳಗೆ, ಮೇಲೆ, ಅಟ್ಟದಲ್ಲಿ, ಬಚ್ಚಲಿನಲ್ಲಿ, ಎಲ್ಲ ಕಡೆ ನೋಡಿದೆವು. ಇವರು ಬಾವಿಗೂ ಬಗ್ಗಿ ನೋಡಿದರು. ಮಾಮಿ ಮಂಚದ ಮೇಲೆ ಕುಸಿದು ಕೂತರು.

"ನಿನ್ನೆ ನಾನೇ ಕಟ್ಟಿದ್ದು," ಎಂದರು. ಸ್ವಲ್ಪ ಬಿಟ್ಟು, ಬಹಳ ಸಣ್ಣ ಸ್ವರದಲ್ಲಿ ನನ್ನನ್ನು ಕೇಳಿದರು, "ಕಟ್ಟಿದ್ದೇನಲ್ಲಾ?"

"ಕಟ್ಟಿದ್ದೀರಿ ಮಾಮಿ. ನಾನು ನೋಡಿದ್ದೇನೆ."

ಅವರಿಗೆ ನಂಬಿಕೆ ಬರಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದರು. "ಅಜ್ಜ, ಬ್ಯಾಗು ಸಿಕ್ಕಿದ್ರೆ ಚಕ್ಕುಲಿ." ಕಾದೆವು. ಗೂಡಿನಲ್ಲಿ ನೋಡಿದೆವು, ಆ ಬ್ಯಾಗು ಗೂಡಿನಲ್ಲಿ ಹಿಡಿಸುವುದಿಲ್ಲ ಎಂಬುದೂ ತೋಚದೆ. ಇಲ್ಲ. "ಒಂದು ಕಟ್ಟು ಚಕ್ಕುಲಿ." ಇಲ್ಲ. ಯಾವತ್ತೂ ಇಷ್ಟು ತಡವಾದದ್ದಿಲ್ಲ. ಹೊರಗೆ ರಿಕ್ಷಾದವನು ಹಾರ್ನು ಹಾಕಿದ. ಮಾಮಿಯ ಕಣ್ಣಿನಿಂದ ನೀರು ಇಳಿಯಿತು. "ಒಂದು ಡಬ್ಬಿ ತುಂಬ ಚಕ್ಕುಲಿ ಕೊಡ್ತೇನೆ ಅಜ್ಜ, ನನ್ನ ಮರ್ಯಾದೆ ಉಳಿಸಿ!"

"ಬೇಡ!" ಎಂದು ಬೊಬ್ಬೆ ಕೇಳಿಸಿತು.

ಬಾಗಿಲಲ್ಲಿ ರಿತ್ತು. ಎರಡು ಕೈಯಿಂದಲೂ ದಾರಂದ ಹಿಡಿದುಕೊಂಡು, ಮುಖವೆಲ್ಲ ಮೂಗಾಗಿ ಅಳುತ್ತಿದ್ದ. "ನನಗೆ ಚಕ್ಕುಲಿ ಬೇಡ! ಒಂದು ಡಬ್ಬಿ ಕೊಟ್ರೂ ಬೇಡ! ಎಷ್ಟು ಕೊಟ್ರೂ ಬ್ಯಾಗು ಕೊಡುದಿಲ್ಲ!"

"ಸುಮ್ಮನಿರು ಮಾರಾಯ!" ಎಂದು ಹಿಂದಿನಿಂದ ಅನ್ವಿ ಅವನ ಬಾಯಿ ಮುಚ್ಚಲು ನೋಡಿದಳು. ಮುಚ್ಚುವಂಥದ್ದು ಏನೂ ಉಳಿದಿರಲಿಲ್ಲ.

ನಾನು ಎರಡು ಮಕ್ಕಳ ತಾಯಿಯಾಗಿ, ಒಂದು ಮಗು ಚಕ್ಕುಲಿ ಬೇಡವೆಂದು ಅಳುವುದನ್ನು ನೋಡಿದ್ದು ಅದೇ ಮೊದಲು. ಇವರು ಬಾಯಿ ತೆರೆದು ನಿಂತರು. ಮಾಮಿ ಮೆಲ್ಲಗೆ ಎದ್ದರು. ಮೊಮ್ಮಗನ ಹತ್ತಿರ ಹೋಗಿ, ಸೆರಗಿನಿಂದ ಅವನ ಮೂಗು ಒರೆಸಿ ಕೇಳಿದರು, "ಎಲ್ಲಿಟ್ಟಿದ್ದೀ ಮಗಾ?"

ಅವನು ಅಕ್ಕನನ್ನು ನೋಡಿದ. ಅಕ್ಕ ನೆಲ ನೋಡುತ್ತ ಒಳಕೋಣೆಯ ಕಡೆ ಕೈ ತೋರಿಸಿದಳು.

ಕಲೆಂಬಿಯ ಹಿಂಬದಿ, ಗೋಡೆಗೆ ತಾಗುವ ಕಡೆಯಲ್ಲಿ, ಒಂದು ಹಲಗೆ ಕಿತ್ತುಹೋಗಿತ್ತು. ದೊಡ್ಡವರಿಗೆ ನುಸುಳಲಾಗದ ಸಂದು, ಮಕ್ಕಳಿಗೆ ಹೆಬ್ಬಾಗಿಲು. ಮುಚ್ಚಳ ಎತ್ತಲು ಇವರಿಗೂ ನನಗೂ ಸೊಂಟ ಹೋಗುವಷ್ಟು ಕೆಲಸವಾಯಿತು. ಒಳಗೆ ಹಳದಿ ಬ್ಯಾಗು. ಅದರ ಸುತ್ತ, ಬರುವ ವಾರಗಳಿಗೆಂದು ಮುಂಗಡವಾಗಿ ಶೇಖರಿಸಿದ ಸಾಮಾನು. ಇವರ ಒಂಟಿ ಕಾಲುಚೀಲಗಳು, ಟಾರ್ಚು, ಮಾಮಿಯ ಅಡಿಕೆ ಕತ್ತರಿ, ಟಿ.ವಿ.ಯ ರಿಮೋಟು. ಎಲ್ಲ ಸಾಲಾಗಿ, ಅಚ್ಚುಕಟ್ಟಾಗಿ, ಒಂದು ವಸ್ತುವಿಗೆ ಒಂದು ಜಾಗ. ನನ್ನ ಭಾಷಣವನ್ನು ಮನೆಯಲ್ಲಿ ಯಾರೋ ಕೇಳಿಸಿಕೊಂಡಿದ್ದರೆಂದು ಆಗ ತಿಳಿಯಿತು.

ನನ್ನದು ಮಾತ್ರ ಒಂದೂ ಇರಲಿಲ್ಲ. ಅಂಥ ಹೊತ್ತಿನಲ್ಲೂ ಅದೇಕೋ ಸ್ವಲ್ಪ ಬೇಸರವಾಯಿತು. "ನನ್ನದು ಯಾಕೆ ತೆಗೀಲಿಲ್ಲ?" ಎಂದು ಕೇಳಿಯೇ ಬಿಟ್ಟೆ.

"ನಿನ್ನದು ಕಳೆದ್ರೆ ನೀನು ಹರಕೆ ಹೇಳುದಿಲ್ಲಮ್ಮ," ಅನ್ವಿ ಬಿಕ್ಕುತ್ತ ಹೇಳಿದಳು. "ಬೈತೀ ಅಷ್ಟೆ."

"ಬ್ಯಾಗು ಇಲ್ಲದೆ ಹೋಗ್ಲಿಕ್ಕೆ ಆಗುದಿಲ್ಲ ಅಲ್ವಾ ಅಜ್ಜಿ?" ರಿತ್ತುವಿಗೆ ಬೇರೆ ಯಾವ ವಿಚಾರಣೆಯೂ ಬೇಕಿರಲಿಲ್ಲ.

ಮಾಮಿ ಕಲೆಂಬಿಯೊಳಗೆ ಬಗ್ಗಿ ಅಡಿಕೆ ಕತ್ತರಿ ಎತ್ತಿಕೊಂಡರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಾಗಾದ್ರೆ ಗೂಡಿನಲ್ಲಿ ನಾನು ನೋಡುವಾಗ ಕನ್ನಡಕ ಇರ್ಲಿಲ್ಲ?"

"ಇರ್ಲಿಲ್ಲ ಅಜ್ಜಿ."

"ನಾನು ಸರಿಯಾಗಿಯೇ ನೋಡಿದ್ದು?"

"ಹೌದು. ನೀವು ಹರಕೆ ಹೇಳಿದ ಮೇಲೆ ನಾವು ತಂದಿಡುದು."

ಮಾಮಿಯ ಮುಖ ಅರಳಿದ್ದನ್ನು ನಾನು ಹೇಗೆ ವರ್ಣಿಸಲಿ? ಆ ಪ್ರಾಯದವರು ಹಾಗೆ ಓಡಬಾರದು. ಅಡಿಕೆ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಓಡಿ, ರಿಕ್ಷಾದವನು ಹೆದರಿ ಹಿಂದೆ ಸರಿದದ್ದನ್ನೂ ನೋಡದೆ, ಪಾಗಾರದ ಆಚೆಗೆ ಕೂಗಿದರು, "ಓ ವಾಸಂತೀ! ನನಗೆ ಏನೂ ಆಗ್ಲಿಲ್ಲ! ನನ್ನ ಮೊಮ್ಮಕ್ಕಳು ಕಳ್ಳರು! ಇಬ್ಬರೂ ದೊಡ್ಡ ಕಳ್ಳರು!"

ಮೊಮ್ಮಕ್ಕಳು ಡಾಕ್ಟರಾದರೂ ಯಾವ ಅಜ್ಜಿಯೂ ಅಷ್ಟು ಹೆಮ್ಮೆಯಿಂದ ಹೇಳಿರಲಿಕ್ಕಿಲ್ಲ.

ವಾಸಂತಿ ಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಕಥೆ ಪೂರ್ತಿ ಕೇಳಿದರು. "ಅರೇ ದೇವಾ!" ಎಂದು ಕೆನ್ನೆ ಬಡಿದುಕೊಂಡದ್ದರಿಂದ ಕೆನ್ನೆಗೂ ಹಿಟ್ಟಾಯಿತು. ಆಮೇಲೆ ಸ್ವಲ್ಪ ಚಿಂತೆಯಿಂದ ಕೇಳಿದರು, "ಹಾಗಾದ್ರೆ ಇನ್ನು ನಿಮಗೆ ವಾರ ವಾರ ಚಕ್ಕುಲಿ ಬೇಡ್ವಾ?"

ಮಕ್ಕಳಿಗೆ ಶಿಕ್ಷೆ ಕೊಡಬೇಕೆಂದು ನಾನು, ಆಗ ಮಾತ್ರ ವಿಜ್ಞಾನ ಬಿಟ್ಟು ಬೆತ್ತ ನೆನಪಾದ ಇವರು, ಇಬ್ಬರೂ ಸಿದ್ಧರಾದೆವು. ಮಾಮಿ ಬಿಡಲಿಲ್ಲ. "ಹೊಡೆಯುವುದಾದರೆ ಆ ಕಲೆಂಬಿಗೆ ಹೊಡೆಯಿರಿ," ಎಂದರು. ರಿಕ್ಷಾ ಬಂದದ್ದು ವ್ಯರ್ಥವಾಗಬಾರದೆಂದು ಎಲ್ಲರನ್ನೂ ಅದರಲ್ಲಿ ತುಂಬಿಸಿ ಅಜ್ಜನ ಕಟ್ಟೆಗೆ ಹೊರಡಿಸಿದರು, ಡಬ್ಬಿ ತುಂಬ ಚಕ್ಕುಲಿಯ ಸಮೇತ. ಬ್ಯಾಗು ಸಿಕ್ಕಿತಲ್ಲ, ಹರಕೆ ಹರಕೆಯೇ.

"ಅದು ಅಜ್ಜ ತೋರಿಸಿದ್ದಲ್ಲ ಅಮ್ಮ, ಇವನೇ ಬಾಯಿಬಿಟ್ಟದ್ದು," ದಾರಿಯಲ್ಲಿ ಇವರು ತಕರಾರು ತೆಗೆದರು.

"ಬಾಯಿ ಬಿಡಿಸಿದ್ದು ಯಾರು?" ಎಂದರು ಮಾಮಿ. ಸ್ನಾನದ ಕೋಣೆಯಲ್ಲಿ ಹರಕೆ ಹೇಳಿದ ಮಾಸ್ಟ್ರು ಕೈಯ ವಾಚು ಸರಿಮಾಡಿಕೊಂಡು ರಸ್ತೆ ನೋಡತೊಡಗಿದರು.

ಕಟ್ಟೆಯ ಎದುರು ರಿತ್ತು ಕೈ ಮುಗಿದು, ಯಾರೂ ಹೇಳಿಕೊಡದೆ, ಗಟ್ಟಿಯಾಗಿ ತಪ್ಪೊಪ್ಪಿಕೊಂಡ. "ಅಜ್ಜ, ಎಲ್ಲ ನಾವೇ ಮಾಡಿದ್ದು. ಸಿಟ್ಟು ಮಾಡ್ಬೇಡಿ. ಇನ್ನು ಮಾಡುದಿಲ್ಲ." ಒಂದು ಕಣ್ಣು ತೆರೆದು ಡಬ್ಬಿ ನೋಡಿ, "ಇವತ್ತಿನ ಪ್ರಸಾದ ಮಾತ್ರ ತಿನ್ತೇವೆ," ಎಂದು ಸೇರಿಸಿದ.

ಅಲ್ಲಿಗೆ ಆ ಕಥೆ ಮುಗಿಯಿತು. ಮಾಮಿ ಶಿರ್ತಾಡಿಗೆ ಹೋಗಲಿಲ್ಲ. ಹಲಗೆಗೆ ಮೊಳೆ ಹೊಡೆಸಿದೆವು. ನನ್ನ ಎಣ್ಣೆತಿಂಡಿಯ ಕಾನೂನಿಗೆ ಮಾಮಿಯೇ ತಿದ್ದುಪಡಿ ತಂದು, ವಾರಕ್ಕೊಮ್ಮೆ ಏನೂ ಕಳೆಯದೆಯೇ ಚಕ್ಕುಲಿ ಸಿಗುವಂತೆ ಮಾಡಿದರು. ಮಕ್ಕಳು ಬೆಳೆದರು. ಅನ್ವಿ ಈಗ ಮಂಗಳೂರಿನಲ್ಲಿ ಕಾಲೇಜು. ರಿತ್ತು ಮೂಡಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದಾನೆ, ಅಪ್ಪನಷ್ಟೇ ಉದ್ದವಾಗಿದ್ದಾನೆ, ರಜೆಯಲ್ಲಿ ಬಂದರೆ ದಾರಂದಕ್ಕೆ ಅಪ್ಪ ಮಗ ಇಬ್ಬರೂ ಸರದಿಯಲ್ಲಿ ಬಡಿಸಿಕೊಳ್ಳುತ್ತಾರೆ. ಅವನಿಗೆ ಫೋನು ಕೊಡುವುದು ಭಾನುವಾರ ಮಾತ್ರ.

ಕಳೆದ ವರ್ಷದಿಂದ ಮಾಮಿಗೆ ನಿಜವಾಗಿಯೇ ಮರೆವು ಶುರುವಾಗಿದೆ.

ಮೊದಲು ಗೊತ್ತಾದದ್ದು ಬೇಸಗೆ ರಜೆಯಲ್ಲಿ. ಅವರ ಸುಣ್ಣದ ಡಬ್ಬಿ ಫ್ರಿಜ್ಜಿನೊಳಗೆ, ಮೊಸರಿನ ಪಕ್ಕದಲ್ಲಿ ಸಿಕ್ಕಿತು. ಅಲ್ಲಿಟ್ಟದ್ದು ಅವರೇ. ಮಾಮಿ ಡಬ್ಬಿ ಹಿಡಿದು ನಿಂತರು. ಆ ಶನಿವಾರ ಮಂಚದ ಮೇಲೆ ಕೂತಾಗ ಇದ್ದ ಮುಖವೇ. ಆಗ ಚಾವಡಿಯಿಂದ, ಒಡೆಯತೊಡಗಿದ್ದ ಸ್ವರದಲ್ಲಿ ರಿತ್ತು ಹೇಳಿದ, "ಅದು ನಾನು ಇಟ್ಟದ್ದು ಅಜ್ಜಿ."

"ನೀನಾ?" ಮಾಮಿ ತಿರುಗಿದರು. ಮುಖಕ್ಕೆ ರಕ್ತ ವಾಪಸು ಬಂತು. ಹೋಗಿ, ಕೈ ಎತ್ತಿ, ಎಟಕದ ಕಿವಿಯನ್ನು ಅವನೇ ಬಗ್ಗಿ ಕೊಟ್ಟಾಗ ಹಿಡಿದು ಹಿಂಡಿದರು. "ಕಳ್ಳ! ಇನ್ನೂ ಬುದ್ಧಿ ಬರ್ಲಿಲ್ವಾ ನಿನಗೆ!"

ಅವತ್ತಿನಿಂದ ಮನೆಯ ಸಮಸ್ತ ಅಪರಾಧಗಳೂ ಅವನದೇ. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಆ ಕಳ್ಳ. ಒಲೆಯ ಮೇಲೆ ಹಾಲು ಉಕ್ಕಿದರೆ ಆ ಕಳ್ಳ. ಅವನು ಹಾಸ್ಟೆಲಿನಲ್ಲಿದ್ದಾನೆಂಬುದು ಯಾವ ಅಡ್ಡಿಯೂ ಅಲ್ಲ.

ಇವತ್ತು ಪಕ್ಕದ ಮನೆಯ ಪರಿಮಳ ಬಂದಾಗ ನಾನು ಕನ್ನಡಕ ಮುಟ್ಟಿಕೊಂಡೆ. ಮಾಮಿ ಬಾಯಿ ಮುಟ್ಟಿಕೊಂಡರು. ಹಲ್ಲಿನ ಸೆಟ್ಟು ಇರಲಿಲ್ಲ.

"ವಾಸಂತಿ ಈಗ ಚಕ್ಕುಲಿ ತಗೊಂಡು ಬರ್ತಾಳೆ," ಎಂದರು, ಗಾಳಿಯೇ ಹೆಚ್ಚಾಗಿರುವ ಮಾತಿನಲ್ಲಿ. "ಹಲ್ಲಿಲ್ಲದೆ ಕೂತ್ರೆ ಎಂತ ಮರ್ಯಾದೆ? ಫೋನು ಮಾಡು ಆ ಕಳ್ಳನಿಗೆ."

ಮಾಡಿದೆ. ಸ್ಪೀಕರಿಗೆ ಹಾಕಿದೆ. ಹಿಂದುಗಡೆ ಹುಡುಗರ ಗಲಾಟೆ ಕೇಳುತ್ತಿತ್ತು.

"ನನ್ನ ಹಲ್ಲು ಎಲ್ಲಿಟ್ಟಿ ಮಾರಾಯ?"

ಅವನು, ಗೆಳೆಯರೆಲ್ಲ ಕೇಳುವಂತೆ, ಸ್ವಲ್ಪವೂ ನಾಚಿಕೆಯಿಲ್ಲದೆ ಹೇಳಿದ, "ದೇವರ ಕೋಣೆಯಲ್ಲಿ ನೋಡಿ ಅಜ್ಜಿ. ಹೂವಿನ ಬಟ್ಟಲಲ್ಲಿ."

ನೋಡಿ ಬಂದೆ. ಇರಲಿಲ್ಲ.

"ಅಲ್ಲಿಲ್ಲ!"

"ಹಾಗಾದ್ರೆ ಅಕ್ಕಿ ಡಬ್ಬಿಯ ಹಿಂದೆ."

ಅಲ್ಲೂ ಇರಲಿಲ್ಲ.

"ಅಲ್ಲೂ ಇಲ್ವಾ? ಅಜ್ಜಿ, ಎಲ್ಲೋ ಇಟ್ಟಿದ್ದೇನೆ. ಎಲ್ಲಿ ಅಂತ ನನಗೇ ಸರಿ ನೆನಪಾಗ್ತಾ ಇಲ್ಲ."

ಮಾಮಿ ಬೈಯಲು ತೆರೆದ ಬಾಯಿ ಮುಚ್ಚಿದರು. ಫೋನಿನ ಹತ್ತಿರ ಬಗ್ಗಿ, ಬಹಳ ಮೆತ್ತಗೆ, "ಇರ್ಲಿ ಮಗಾ, ಅವಸರ ಇಲ್ಲ. ಊಟ ಮಾಡು, ಚೆನ್ನಾಗಿ ನಿದ್ರೆ ಮಾಡು," ಎಂದರು. ಮತ್ತೆ ಫೋನಿಗೆ ಅಂಗೈ ಮುಚ್ಚಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ಪಾಪ, ಆ ಹುಡುಗನಿಗೆ ನೆನಪು ಕಡಿಮೆ ಆಗ್ತಾ ಉಂಟು. ನೀನು ಬೈಬೇಡ ಮಾರಾಯ್ತಿ. ಹೆದರಿಕೊಳ್ತಾನೆ."

ಬೈಯುವುದಿಲ್ಲ ಎಂದೆ. ಮತ್ತೆ ನಾವಿಬ್ಬರೂ ಹಲ್ಲು ಹುಡುಕಲು ಎದ್ದೆವು. ಮಾಮಿ ಮುಂದೆ, ನಾನು ಹಿಂದೆ.